ಕಂಪೌಂಡರ್ ಮಾಣಿಕಪ್ಪನ ಎರಡನೇ ಪರೀಕ್ಷೆ

ಸೇಡಂನಲ್ಲಿ ಡಾಕ್ಟರ್ ಜಹಾಂಗೀರ ಸಾಹೇಬರ ದವಾಖಾನೆ ಎಲ್ಲಿ ಎಂದು ಕೇಳಿದರೆ ಆ ಕಾಲಕ್ಕೆ ಅರ್ಧ ಊರು ತಲೆ ಕೆರೆದುಕೊಳ್ಳುತ್ತಿತ್ತು. ಮಾಣಿಕಪ್ಪನ ದವಾಖಾನೆ ಎಲ್ಲಿ ಎಂದರೆ ನೀರಿಗೆ ಹೊರಟ ಹೆಂಗಸರೂ ನಿಂತು ದಾರಿ ತೋರಿಸುತ್ತಿದ್ದರು. ಎರಡೂ ಒಂದೇ ದವಾಖಾನೆ. ಒಳಕೋಣೆಯಲ್ಲಿ ಕೂತು ನಾಡಿ ನೋಡಿ, ಚೀಟಿಯ ಮೇಲೆ ನಾಲ್ಕು ಗೀಟು ಎಳೆಯುವವರು ಸಾಹೇಬರು. ಹೊರಗೆ ಶಹಾಬಾದ್ ಕಲ್ಲು ಹಾಸಿದ ಕಟ್ಟೆಯ ಹಿಂದೆ ನಿಂತು ಆ ಗೀಟುಗಳನ್ನು ಕೆಂಪು ಔಷಧ, ಬಿಳಿ ಔಷಧ, ಪುಡಿ, ಮುಲಾಮು ಮಾಡಿ ಕೈಗಿಡುವವನು ಕಂಪೌಂಡರ್ ಮಾಣಿಕಪ್ಪ. ಜನಕ್ಕೆ ಕಾಣುವವನು ಇವನೇ, ಹಾಗಾಗಿ ದವಾಖಾನೆಯೂ ಇವನದೇ.

ಸಾಹೇಬರು ಊರಲ್ಲಿಲ್ಲದ ದಿನ ಚೀಟಿಯ ಗೀಟುಗಳೂ ಇರುತ್ತಿರಲಿಲ್ಲ. ಮಾಣಿಕಪ್ಪನೇ ಕಣ್ಣರೆಪ್ಪೆ ಎಳೆದು ನೋಡುತ್ತಿದ್ದ, ಹೊಟ್ಟೆ ಒತ್ತುತ್ತಿದ್ದ, ತನಗೆ ತಿಳಿದ ಔಷಧ ಕೊಡುತ್ತಿದ್ದ. ಜನ ಗುಣವಾಗಿ ಹೋಗುತ್ತಿದ್ದರು. ಸಾಹೇಬರು ಬಂದ ಮೇಲೆ ‘ಹೌದೇನು, ಭೇಷ್’ ಎಂದು ಸಿಗರೇಟು ಹಚ್ಚುತ್ತಿದ್ದರು. ಊರವರು ಮಾಣಿಕಪ್ಪನ ಕೈಗುಣ ಎಂದು ಹೊಗಳುತ್ತಿದ್ದರು. ಹೊಗಳುವುದಕ್ಕೇನು, ಪುಕ್ಕಟೆ! ಅದನ್ನೇ ಒಂದು ಕಾಗದದ ಮೇಲೆ ಬರೆದು ಮೊಹರು ಹಾಕಿ ಕೊಡುವವರು ಯಾರೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಆ ಕಾಗದ, ಸನದು.

ಅವನ ಹುಟ್ಟೂರು ಮಳಖೇಡ. ಅಪ್ಪ ಕಾಗಿಣಾ ನದಿಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ ಕಬ್ಬಲಿಗ. ಹದಿನಾರನೇ ವಯಸ್ಸಿಗೆ ಮಾಣಿಕಪ್ಪ ಸೇಡಂಗೆ ಬಂದು ಸಾಹೇಬರ ದವಾಖಾನೆಯಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ನಿಂತ. ಒಮ್ಮೆ ಕಂಡದ್ದನ್ನು ಮರೆಯದ ತಲೆ ಇವನದು ಎಂದು ಸಾಹೇಬರಿಗೆ ಗೊತ್ತಾಯಿತು. ನಲವತ್ತೇಳರಲ್ಲಿ ಅವರೇ ಹೈದರಾಬಾದಿಗೆ ಕರೆದೊಯ್ದು ಕಂಪೌಂಡರಿ ಶಾಲೆಗೆ ಸೇರಿಸಿದರು. ಎರಡು ವರ್ಷದ ಓದು, ಎಲ್ಲವೂ ಉರ್ದುವಿನಲ್ಲಿ. ಮೊದಲ ವರ್ಷ ಪಾಸಾಗುವಷ್ಟರಲ್ಲಿ ನಲವತ್ತೆಂಟು ಬಂತು. ನಿಜಾಮರ ರಾಜ್ಯ ಉರುಳುತ್ತಿದ್ದ ಆ ವರ್ಷ ಯಾರು ಯಾರಿಗೆ ಹೆದರಬೇಕು ಎಂಬುದೇ ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಶಾಲೆಗೆ ಬೀಗ ಬಿತ್ತು, ಗಾಡಿಗಳು ನಿಂತವು. ಮಾಣಿಕಪ್ಪ ಪುಸ್ತಕಗಳನ್ನು ಶಾಲೆಯಲ್ಲೇ ಬಿಟ್ಟು, ತಾಂಡೂರಿನಿಂದ ಹೊಲಗಳ ದಾರಿ ಹಿಡಿದು ನಡೆದು ಊರು ಸೇರಿದ. ಮತ್ತೆ ಕಟ್ಟೆಯ ಹಿಂದೆ ನಿಂತ. ನಿಜಾಮರ ಕಾಲ ಹೋಯಿತು, ಮದುವೆಯಾಯಿತು, ಹಣಮಮ್ಮ ಎರಡು ಮಕ್ಕಳನ್ನು ಹೆತ್ತಳು. ಅರ್ಧ ಓದಿನ ಮಾತು ಯಾರೂ ಎತ್ತಲಿಲ್ಲ.

ಐವತ್ತಮೂರರಲ್ಲಿ ಹೊಸ ಕಾಯಿದೆಯ ಮಾತು ಬಂತು. ಸನದು ಇಲ್ಲದವನು ಇನ್ನು ಮುಂದೆ ಔಷಧ ಕಲಸುವಂತಿಲ್ಲ. ಹತ್ತು ವರ್ಷ ಕಲಸಿದವನ ಕೈಗೆ ಈಗ ನೀನು ಕಲಸಬಾರದು ಎಂದರೆ ಆ ಕೈ ಏನು ಮಾಡಬೇಕು, ಹೇಳಿ. ಹರಿಗೋಲಿಗೆ ಹುಟ್ಟು ಹಾಕುವುದೂ ಅದಕ್ಕೆ ಮರೆತುಹೋಗಿತ್ತು. ಹಳೆಯ ವಿದ್ಯಾರ್ಥಿಗಳು ಎರಡನೇ ವರ್ಷಕ್ಕೆ ನೇರ ಸೇರಬಹುದು, ಕೆಲಸದಲ್ಲಿರುವವರಿಗೆ ಶುಕ್ರವಾರ ಶನಿವಾರ ಪಾಠ ಎಂದು ಶಾಲೆಯಿಂದ ಕಾಗದ ಬಂತು. ಕೆಳಗೆ ಇನ್ನೆರಡು ಸಾಲು ಇದ್ದವು. ಪರೀಕ್ಷೆಗೆ ಎರಡೇ ಸಲ ಕೂರಲು ಅವಕಾಶ. ಮತ್ತು ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ.

ಇಂಗ್ಲಿಷ್ ಎಂದರೆ ಮಾಣಿಕಪ್ಪನಿಗೆ ಬಾಟಲಿಯ ಮೇಲಿನ ಹೆಸರುಗಳಷ್ಟೇ. ಕಾಗದ ಹಿಡಿದು ಅಂಬಾರಾಯ ಮಾಸ್ತರರ ಮನೆಗೆ ಹೋದ. ಮಾಸ್ತರರು ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಉರ್ದು ಕಲಿಸಿ, ಮನೆಯಲ್ಲಿ ಕನ್ನಡ ಕಲಿಸಿ, ತಮ್ಮಷ್ಟಕ್ಕೆ ತಾವು ಇಂಗ್ಲಿಷ್ ಕಲಿತು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಮಗ ಅಮೃತಪ್ಪ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರ, ವಾರಕ್ಕೊಮ್ಮೆ ಬರುವವ. ಮನೆಯಲ್ಲಿ ಮಾಸ್ತರರು ಮತ್ತು ಸೊಸೆ ಮಹಾದೇವಮ್ಮ ಇಬ್ಬರೇ. ಕಾಗದ ಓದಿ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ನಾಳೆ ಬೆಳಗ್ಗೆಯಿಂದಲೇ ಬಾ ಎಂದರು. ಅವರ ಗುಂಡಿಗೆ ದಣಿದು, ಕಾಲು ಬಾತಿತ್ತು. ಹೇಗೂ ಮಾಣಿಕಪ್ಪ ದಿನಾ ಎರಡು ಹೊತ್ತು ಔಷಧ ಕೊಡಲು ಆ ಮನೆಗೆ ಹೋಗಲೇಬೇಕಾಗಿತ್ತು.

ಆ ಎರಡು ವರ್ಷ ಮಾಣಿಕಪ್ಪ ನಿದ್ದೆ ಮಾಡಿದ್ದೆಲ್ಲ ರೈಲಿನಲ್ಲಿ ಎಂದರೆ ಸುಳ್ಳಲ್ಲ. ಗುರುವಾರ ಸಂಜೆ ಸೇಡಂನಲ್ಲಿ ಗಾಡಿ ಹತ್ತುವುದು, ಎರಡು ದಿನ ಪಾಠ ಕೇಳುವುದು, ಶಾಲೆಯ ಪಡಸಾಲೆಯಲ್ಲಿ ಚೀಲ ತಲೆಗಿಟ್ಟು ಮಲಗುವುದು, ಭಾನುವಾರ ಬೆಳಗಿನ ಗಾಡಿಗೆ ಮರಳುವುದು. ಅಲ್ಲಿಂದ ಗುರುವಾರದವರೆಗೆ ದವಾಖಾನೆಯಲ್ಲಿ ನಿಂತ ಕಾಲಲ್ಲೇ ಇರುವುದು. ವಾರದ ಕೆಮ್ಮು, ವಾರದ ಜ್ವರವೆಲ್ಲ ಜನ ಕೂಡಿಟ್ಟು ತರುತ್ತಿದ್ದರು. ಎರಡು ದಿನ ನಮ್ಮನ್ನು ಯಾರ ಕೈಗೆ ಬಿಟ್ಟು ಹೋಗಿದ್ದಿ ಎಂದು ಬೈಯುತ್ತಿದ್ದರು. ಒಂದು ಭಾನುವಾರ ಬರುವಾಗ ಎಂಥ ನಿದ್ದೆ ಹತ್ತಿತೆಂದರೆ, ಸೇಡಂ ಹೋಯಿತು, ಮಳಖೇಡ ರೋಡ್ ಹೋಯಿತು, ಚಿತ್ತಾಪುರವೂ ಹೋಗಿ ವಾಡಿಯಲ್ಲಿ ಗಾಡಿ ತೊಳೆಯುವವನು ಎಬ್ಬಿಸಿದ. ಮಧ್ಯಾಹ್ನ ಊರು ಮುಟ್ಟಿದಾಗ ದವಾಖಾನೆಯ ಮುಂದೆ ನಲವತ್ತು ಜನ ಕೂತಿದ್ದರು. ಮನೆಯಲ್ಲಿ ಹಣಮಮ್ಮ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಚಿಕ್ಕ ಮಗಳು ಅಪ್ಪನನ್ನು ಕಂಡು ಯಾರೋ ಬಂದರೆಂದು ಒಳಗೆ ಓಡಿದ ದಿನ ಮಾತ್ರ, ನೋಡಿದಿರಾ ಎಂಬಂತೆ ಗಂಡನ ಮುಖ ನೋಡಿದಳು.

ಬಿಟ್ಟುಬಿಡಲೇ ಎಂದು ಎಷ್ಟೋ ಸಲ ಅನ್ನಿಸಿತು. ಬಿಟ್ಟರೆ ಕೆಲಸವೇ ಇಲ್ಲ. ಓದಿದರೆ ಕೆಲಸ ಮಾಡಲು ಹೊತ್ತಿಲ್ಲ. ಎರಡರ ನಡುವೆ ಸಿಕ್ಕಿ ಮನುಷ್ಯ ಸವೆದುಹೋದ.

ಐವತ್ತನಾಲ್ಕರ ಮೊದಲ ಪರೀಕ್ಷೆಯಲ್ಲಿ ಬರವಣಿಗೆ ಹೇಗೋ ದಾಟಿದ. ಔಷಧ ಕಲಸುವ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿದ. ಕೊನೆಯದು ಬಾಯಿ ಪರೀಕ್ಷೆ. ಬಿಳಿ ಕೋಟಿನ ಪರೀಕ್ಷಕರು ಕೇಳಿದರು, ಡಾಕ್ಟರು ಊರಲ್ಲಿಲ್ಲ, ರೋಗಿ ಸಾಯುತ್ತಿದ್ದಾನೆ, ಮನೆಯವರು ನಿನ್ನ ಕಾಲು ಹಿಡಿದು ಅಳುತ್ತಿದ್ದಾರೆ, ಔಷಧ ನಿನ್ನ ವಿಷದ ಕಪಾಟಿನಲ್ಲಿದೆ, ಚೀಟಿ ಇಲ್ಲ, ಕೊಡುತ್ತೀಯೋ? ವಿಷದ ಕಪಾಟು ಎಂದರೆ ಹನಿ ಹೆಚ್ಚಾದರೆ ಜೀವ ತೆಗೆಯುವ ಔಷಧಗಳನ್ನು ಬೀಗ ಹಾಕಿ ಇಡುವ ಕಪಾಟು. ಮಾಣಿಕಪ್ಪನಿಗೆ ಇದೂ ಒಂದು ಪ್ರಶ್ನೆಯೇ ಎನ್ನಿಸಿತು. ಕೊಡುತ್ತೇನೆ ಎಂದ. ಎಷ್ಟೋ ಸಲ ಕೊಟ್ಟಿದ್ದೇನೆ ಎಂದೂ ಸೇರಿಸಿದ! ಪರೀಕ್ಷಕರು ಪೆನ್ನು ಕೆಳಗಿಟ್ಟರು. ನಿನ್ನಂಥವನ ಕೈಗೆ ಸನದು ಕೊಟ್ಟರೆ ಪಾಪ ನಮಗೆ ಸುತ್ತಿಕೊಳ್ಳುತ್ತದೆ ಎಂದು ನಾಪಾಸು ಮಾಡಿ ಕಳಿಸಿದರು.

ಉಳಿದದ್ದು ಇನ್ನೊಂದೇ ಸಲ.

ಮಾಸ್ತರರು ಈ ಸಂಗತಿ ಕೇಳಿ ಅವನಿಗೆ ಚೆನ್ನಾಗಿ ಬೈದರು. ಮರುದಿನದಿಂದ ಇಂಗ್ಲಿಷ್ ಪಾಠದ ಜೊತೆಗೆ ಇನ್ನೊಂದು ಪಾಠ ಶುರುವಾಯಿತು. ಬೆಳಗ್ಗೆ ಮಾಣಿಕಪ್ಪ ಔಷಧ ತಂದಾಗ ಮಾಸ್ತರರೇ ಪರೀಕ್ಷಕರಾಗುತ್ತಿದ್ದರು.

“ಡಾಕ್ಟರ್ ಇಲ್ಲ. ನಾ ಸಾಯಾಕತ್ತೀನಿ. ಔಷಧ ನಿನ್ನ ಬಲ್ಲಿ ಅದ. ಕೊಡ್ತಿಯೇನು?”

“ಕೊಡಂಗಿಲ್ಲರಿ.”

“ನನ್ನ ಸೊಸಿ ಅಳಾಕತ್ತ್ಯಾಳ.”

“ಅತ್ತರೂ ಕೊಡಂಗಿಲ್ಲರಿ.”

“ಹಾಂ, ಹಂಗ ಬಾ ದಾರಿಗೆ” ಎಂದು ಮಾಸ್ತರರು ನಗುತ್ತಿದ್ದರು. ಮಹಾದೇವಮ್ಮ ಒಲೆಯ ಮುಂದಿನಿಂದಲೇ, ಬೆಳಗಾದರೆ ಸಾಯುವ ಮಾತು ಯಾಕೆ ಎಂದು ಗೊಣಗುತ್ತಿದ್ದಳು. ಒಂದು ವರ್ಷ ಪೂರ್ತಿ ಇದೇ ನಡೆಯಿತು. ಮೊದಮೊದಲು ಕೊಡಂಗಿಲ್ಲ ಎನ್ನುವಾಗ ಮಾಣಿಕಪ್ಪ ಮುಖ ಬೇರೆ ಕಡೆ ತಿರುಗಿಸುತ್ತಿದ್ದ. ಆಮೇಲಾಮೇಲೆ ಸಲೀಸಾಯಿತು.

ಮಾಸ್ತರರ ಔಷಧದ ವಿಷಯ ಇಲ್ಲಿ ಹೇಳಬೇಕು. ಅದು ಡಿಜಿಟಾಲಿಸ್ ಎಂಬ ಎಲೆಯ ಸಾರ. ಅಳತೆಯಲ್ಲಿದ್ದರೆ ದಣಿದ ಗುಂಡಿಗೆಯನ್ನು ಹಿಡಿದು ನಡೆಸುತ್ತದೆ, ಅಳತೆ ಮೀರಿದರೆ ಹಿಡಿದು ನಿಲ್ಲಿಸುತ್ತದೆ. ಮಾಸ್ತರರೋ ಲಿಂಗನಿಷ್ಠೆಯಲ್ಲಿ ಕೂದಲೆಳೆಯಷ್ಟೂ ಸಡಿಲವಿಲ್ಲದವರು. ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿ, ಅದಕ್ಕೆ ಅರ್ಪಿಸದೆ ಗುಟುಕು ನೀರನ್ನೂ ಕುಡಿಯರು. ಅರ್ಪಿಸಿದ ಮೇಲೆ ಅದು ಪ್ರಸಾದ. ಪ್ರಸಾದವನ್ನು ಚೆಲ್ಲುವಂತಿಲ್ಲ, ಉಳಿಸಿಟ್ಟು ಇನ್ನೊಮ್ಮೆ ಅರ್ಪಿಸುವಂತೆಯೂ ಇಲ್ಲ. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಮನುಷ್ಯ. ಇದು ಸಾಹೇಬರಿಗೆ ಗೊತ್ತಿರಲಿಲ್ಲ, ಶಾಲೆಯ ಪುಸ್ತಕದಲ್ಲಿ ಬರೆದಿರಲಿಲ್ಲ. ಮಾಣಿಕಪ್ಪನಿಗೆ ಗೊತ್ತಿತ್ತು. ಅದಕ್ಕೇ ಆ ಮನೆಗೆ ಅವನು ಎಂದೂ ತುಂಬಿದ ಬಾಟಲಿ ಕೊಟ್ಟವನಲ್ಲ. ಹೊತ್ತಿಗೆ ಒಂದು ಪಾಲು ಒಯ್ದು ಬೆಳ್ಳಿಯ ಬಟ್ಟಲಿಗೆ ಸುರಿಯುವುದು, ಮಾಸ್ತರರು ಅಷ್ಟನ್ನೇ ಅರ್ಪಿಸಿ, ಕುಡಿದು, ಬಟ್ಟಲು ತೊಳೆದು ಕುಡಿಯುವುದು. ಶಾಲೆಗೆ ಹೋಗುವ ವಾರದ ಕೊನೆಗೆ ಒಂದೊಂದೇ ಪಾಲಿನ ಪುಟ್ಟ ಸೀಸೆಗಳನ್ನು ಬಿಟ್ಟುಹೋಗುತ್ತಿದ್ದ.

ಐವತ್ತೈದರ ಪರೀಕ್ಷೆ ಸೋಮವಾರದಿಂದ ಗುರುವಾರದವರೆಗೆ ಇತ್ತು. ಭಾನುವಾರ ಮಧ್ಯಾಹ್ನ ಹೊರಟರೆ ಶುಕ್ರವಾರ ವಾಪಸು. ಹೇಗೂ ನೀನಿಲ್ಲ, ನನಗೇನು ಕೆಲಸ ಎಂದು ಸಾಹೇಬರು ಚಿಂಚೋಳಿಯಲ್ಲಿ ನಾದಿನಿಯ ಮದುವೆಗೆ ಹೊರಟು ನಿಂತರು. ಸರ್ಕಾರಿ ದವಾಖಾನೆಯ ಡಾಕ್ಟರು ವರ್ಗವಾಗಿ ಹೋಗಿದ್ದರು, ಹೊಸಬರು ಇನ್ನೂ ಬಂದಿರಲಿಲ್ಲ. ಮಾಸ್ತರರಿಗೆ ಹತ್ತು ಹೊತ್ತಿನ ಔಷಧ ಬೇಕು. ಮಾಣಿಕಪ್ಪ ಹುಡುಕಿದರೆ ಪುಟ್ಟ ಸೀಸೆಗಳು ನಾಲ್ಕೇ ಇದ್ದವು.

ಆಗ ಅವನಿಗೆ ಒಂದು ಬುದ್ಧಿ ಬಂತು. ಬುದ್ಧಿ ಎಂದೇ ಅವನು ಆಗ ತಿಳಿದದ್ದು. ಓದು ಬಾರದ ರೋಗಿಗೂ ಅಳತೆ ತಿಳಿಯಲೆಂದು ಬಾಟಲಿಯ ಮೈಗೆ ಕಾಗದದ ಪಟ್ಟಿ ಅಂಟಿಸುವ ಪದ್ಧತಿ ಉಂಟು. ಪಟ್ಟಿಯ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸುವುದು, ಒಂದು ಹಲ್ಲಿಗೆ ಒಂದು ಪಾಲು. ಈ ಸಲ ಪರೀಕ್ಷೆಯಲ್ಲಿ ಅದನ್ನೇ ಮಾಡಿಸುತ್ತಾರೆಂದು ಶಾಲೆಯಲ್ಲಿ ಗುಸುಗುಸು ಇತ್ತು. ಕೈಗೆ ಅಭ್ಯಾಸವೂ ಆಯಿತು ಎಂದುಕೊಂಡು ಮಾಸ್ತರರ ಹತ್ತು ಪಾಲನ್ನೂ ಒಂದೇ ಬಾಟಲಿಯಲ್ಲಿ ತುಂಬಿ, ಹತ್ತು ಹಲ್ಲಿನ ಪಟ್ಟಿ ಕತ್ತರಿಸಿ ಅಂಟಿಸಿದ. ಅಚ್ಚು ಹಾಕಿದಂತೆ ಬಂತು. ಮಾಸ್ತರರು ಅದನ್ನು ಬೆಳಕಿಗೆ ಹಿಡಿದು, “ಇಷ್ಟು ಚಂದ ಕತ್ತರಿಸಿದಿ ಅಂದ್ರ ಪಾಸಾದಂಗ ತಗೋ” ಎಂದರು. ಮಹಾದೇವಮ್ಮನಿಗೆ ಎರಡೆರಡು ಸಲ ಹೇಳಿದ. ಬಾಟಲಿ ಅಡುಗೆಮನೆಯಲ್ಲೇ ಇರಲಿ, ನೀನೇ ಒಂದು ಹಲ್ಲು ಬಟ್ಟಲಿಗೆ ಬಗ್ಗಿಸಿ ಕೊಡು, ಬಾಟಲಿ ಅವರ ಪೂಜೆಯ ಜಾಗಕ್ಕೆ ಹೋಗಬಾರದು. ಅವಳು ತಿಳಿದವಳು, ಆಯಿತಣ್ಣಾ ಎಂದಳು. ಸಾಹೇಬರು ಬಸ್ಸು ಹತ್ತಿದರು, ಮಾಣಿಕಪ್ಪ ರೈಲು ಹತ್ತಿದ.

ಪರೀಕ್ಷೆಯ ಮಾತು ಉದ್ದ ಮಾಡುವುದು ಬೇಡ. ಪಾಸಾದ, ಅದನ್ನೇನು ಮುಚ್ಚಿಡುವುದು. ಪಟ್ಟಿ ಕತ್ತರಿಸಿದ್ದನ್ನು ಪರೀಕ್ಷಕರು ಪಕ್ಕದವರನ್ನು ಕರೆದು ತೋರಿಸಿದರು. ಗುರುವಾರ ಬಾಯಿ ಪರೀಕ್ಷೆಯಲ್ಲಿ ಹೋದ ವರ್ಷದ ಬಿಳಿ ಕೋಟಿನವರೇ ಕೂತಿದ್ದರು, ಮುಖ ನೆನಪಿಟ್ಟು ಅದೇ ಪ್ರಶ್ನೆ ಕೇಳಿದರು. ಮಾಣಿಕಪ್ಪ ತಡವರಿಸಲಿಲ್ಲ. ಕೊಡುವುದಿಲ್ಲ, ಡಾಕ್ಟರರನ್ನು ಕರೆಸುತ್ತೇನೆ ಎಂದು ಮಾಸ್ತರರು ಕಲಿಸಿದ ಇಂಗ್ಲಿಷಿನಲ್ಲಿ ಹೇಳಿದ. ಪರೀಕ್ಷಕರು ತಲೆಯಾಡಿಸಿ ಹೆಸರಿನ ಮುಂದೆ ಗುರುತು ಹಾಕಿದರು. ಹೋಗುವಾಗ, ಇನ್ನು ಸನದು ಬರುವವರೆಗೂ ನಿನ್ನ ಮೇಲೆ ಒಂದು ದೂರು ಬರದಂತೆ ನಡೆದುಕೋ, ದೂರು ಬಂದರೆ ಇದೆಲ್ಲ ನೀರಲ್ಲಿ ಹೋಮ ಎಂದರು. ಅವರು ಒಳ್ಳೆಯದಕ್ಕೇ ಹೇಳಿದ್ದು.

ಶುಕ್ರವಾರ ಹನ್ನೊಂದರ ಸುಮಾರಿಗೆ ಸೇಡಂ ಸ್ಟೇಷನ್ನಿನಲ್ಲಿ ಇಳಿದಾಗ ಅವನ ಹೆಜ್ಜೆ ನೆಲಕ್ಕೆ ತಾಗುತ್ತಿರಲಿಲ್ಲ. ಮನೆಗೂ ಹೋಗದೆ ಮೊದಲು ಮಾಸ್ತರರ ಮನೆಗೆ ಹೋದ. ಅಂಗಳದಲ್ಲಿ ಅಮೃತಪ್ಪ ನಿಂತಿದ್ದ. ವಾರದ ನಡುವೆ ಈತ ಯಾಕೆ ವಾಡಿ ಬಿಟ್ಟು ಬಂದ ಎಂದುಕೊಳ್ಳುವಷ್ಟರಲ್ಲಿ ಮಹಾದೇವಮ್ಮ ಹೊರಗೆ ಬಂದಳು. ಅವಳ ಮುಖ ನೋಡಿ ಅವನು ಚೀಲವನ್ನು ಅಲ್ಲೇ ಇಳಿಸಿದ.

ಆದದ್ದು ಇಷ್ಟು. ಮಂಗಳವಾರ ಬೆಳಕು ಹರಿಯುವ ಮೊದಲೇ ಕುರಕುಂಟಾದಿಂದ ಆಳು ಬಂದಿದ್ದ. ಮಹಾದೇವಮ್ಮನ ತಾಯಿ ಹೊಸ್ತಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಸಂಜೆಗೆ ಬಂದುಬಿಡುತ್ತೇನೆ ಎಂದು ಇವಳು ಹೋದಳು. ಹೋಗುವ ಗಡಿಬಿಡಿಯಲ್ಲೂ ಬಾಟಲಿ ಅಡುಗೆಮನೆಯಲ್ಲಿದೆ, ಒಂದು ಹಲ್ಲು ಬಗ್ಗಿಸಿಕೊಳ್ಳಿ ಎಂದು ಮಾವನಿಗೆ ಹೇಳಿಯೇ ಹೋದಳು. ಮಾಸ್ತರರು ಸ್ನಾನ ಮಾಡಿ, ನಡುನಡುವೆ ಏಳಬಾರದೆಂದು ಬಾಟಲಿ, ಬಟ್ಟಲು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಪೂಜೆಗೆ ಕೂತರು. ವಯಸ್ಸಾದ ಕೈ, ವರ್ಷಗಟ್ಟಲೆಯ ರೂಢಿ. ಔಷಧ ಎಂದು ಕೈಗೆ ಸಿಕ್ಕದ್ದನ್ನು ಎತ್ತಿ ಲಿಂಗಕ್ಕೆ ಅರ್ಪಿಸಿದರು. ಅರ್ಪಿಸಿದ ಮೇಲೆ ನೋಡಿದರೆ ಕೈಯಲ್ಲಿದ್ದದ್ದು ಬಟ್ಟಲಲ್ಲ, ಬಾಟಲಿ. ಏಳು ಹಲ್ಲು ಔಷಧ ಪ್ರಸಾದವಾಗಿ ಕೂತಿತ್ತು. ಚೆಲ್ಲುವಂತಿಲ್ಲ. ಇಡುವಂತಿಲ್ಲ. ತಿಳಿದ ಮನುಷ್ಯ, ಎಷ್ಟು ಹೊತ್ತು ಅದನ್ನು ಕೈಯಲ್ಲಿ ಹಿಡಿದು ಕೂತಿದ್ದರೋ ಯಾರು ಕಂಡರು. ಕುಡಿದರು. ಬಾಟಲಿಯನ್ನು ತೊಳೆದು ಆ ನೀರನ್ನೂ ಕುಡಿದರು.

ಸಂಜೆ ಮಹಾದೇವಮ್ಮ ಬರುವಷ್ಟರಲ್ಲಿ ವಾಂತಿ ಹತ್ತಿತ್ತು. ಅವಳು ದವಾಖಾನೆಗೆ ಓಡಿದರೆ ಬಾಗಿಲಿಗೆ ಬೀಗ. ಹೈದರಾಬಾದಿಗೆ ತಾರು ಹೊಡೆಸುತ್ತೇನೆ ಎಂದರೆ ಮಾಸ್ತರರು ಕೈ ಹಿಡಿದು ತಡೆದರು. ಮಾಣಿಕನ ಪರೀಕ್ಷೆ ಕೆಡುತ್ತದೆ, ಇದು ಕೊನೆಯ ಸಲ, ಹೊಟ್ಟೆ ಕೆಟ್ಟಿದೆ ಅಷ್ಟೇ, ಸುಮ್ಮನಿರು ಎಂದರು. ಸಾಹೇಬರನ್ನೂ ಮದುವೆಮನೆಯಿಂದ ಎಬ್ಬಿಸಬೇಡ ಎಂದರು. ಬುಧವಾರ ಎಲ್ಲವೂ ಹಳದಿ ಕಾಣುತ್ತಿದೆ, ಗೋಡೆ ಹಳದಿ, ನಿನ್ನ ಮುಖ ಹಳದಿ ಎನ್ನತೊಡಗಿದ ಮೇಲೆ ಅವಳು ಹೆದರಿ ಗಂಡನಿಗೆ ವಾಡಿಗೆ ಹೇಳಿಕಳಿಸಿದಳು. ಬಾಟಲಿಯನ್ನು ಮರೆಮಾಡಿ, ವಾಂತಿ ನಿಂತ ಮೇಲೆ ಔಷಧ ಕೊಡು ಎಂದಿದ್ದ ಮಾವ ನಿಜ ಸಂಗತಿ ಸೊಸೆಗೆ ಹೇಳಿದ್ದೇ ಗುರುವಾರ ರಾತ್ರಿ; ಅಮೃತಪ್ಪ ಬಂದು ಮುಟ್ಟಿದ್ದು ಇದೀಗ.

ಮಾಣಿಕಪ್ಪ ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತು ಮಣಿಕಟ್ಟು ಹಿಡಿದ. ನಾಡಿ ಒಂದು ಬಡಿಯುತ್ತಿತ್ತು, ಆಮೇಲೆ ತಡೆಯುತ್ತಿತ್ತು. ಇನ್ನೊಂದು ಬಾರದೇ ಹೋಯಿತೇ ಎಂದು ಇವನು ಬೆರಳು ಸರಿಸಿ ಒತ್ತಿದ ಮೇಲೆ ಇನ್ನೊಂದು ಬಡಿಯುತ್ತಿತ್ತು. ನಿಮಿಷಕ್ಕೆ ಮೂವತ್ತೆರಡು. ಚಿಂಚೋಳಿ ಬಸ್ಸು ಬೆಳಗ್ಗೆಯೇ ಹೋಗಿಯಾಗಿತ್ತು. ಸೈಕಲ್ ತಗೊಂಡು ಹೋಗು, ಸಾಹೇಬರನ್ನು ಹೇಗಾದರೂ ಕರೆದುಕೊಂಡು ಬಾ ಎಂದು ಅಮೃತಪ್ಪನಿಗೆ ಹೇಳಿದ. ಅವನು ನಿಂತ ಕಾಲಲ್ಲೇ ಹೊರಟ. ಕಲಬುರ್ಗಿಗೆ ಒಯ್ಯೋಣವೆಂದರೆ ವಾಡಿಯಲ್ಲಿ ಇಳಿಸಿ ಗಾಡಿ ಬದಲಿಸಬೇಕು; ಆ ಜೀವವನ್ನು ಹಾಸಿಗೆಯಿಂದ ಎತ್ತುವಂತೆಯೇ ಇರಲಿಲ್ಲ.

ಮಾಸ್ತರರು ಕಣ್ಣು ತೆರೆದು ಇವನನ್ನು ಗುರುತು ಹಿಡಿದರು.

“ಏನು ಕೇಳಿದ್ರು?”

“ಅದೇ ಕೇಳಿದ್ರು ಮಾಸ್ತರ.”

“ಏನಂದಿ?”

“ಕೊಡಂಗಿಲ್ಲ ಅಂದೆ.”

“ಶಾಬಾಸ್” ಎಂದು ಅವರು ಮತ್ತೆ ಕಣ್ಣು ಮುಚ್ಚಿದರು.

ಮಾಣಿಕಪ್ಪ ಎದ್ದು ದವಾಖಾನೆಗೆ ಹೋದ. ಬೀಗದ ಕೈ ಅವನ ಉಡಿದಾರದಲ್ಲೇ ಇತ್ತು. ವಿಷದ ಕಪಾಟನ್ನು ತೆಗೆದ. ಎರಡನೇ ಸಾಲಿನಲ್ಲಿ ಅಟ್ರೋಪಿನ್ ಇತ್ತು. ಡಿಜಿಟಾಲಿಸ್ ಮಿತಿಮೀರಿ ನಾಡಿ ಕುಂದಿದರೆ ಅಟ್ರೋಪಿನ್ ಅದನ್ನು ಎತ್ತಬಹುದು ಎಂದು ಪಾಠದಲ್ಲಿ ಬರೆದುಕೊಂಡಿದ್ದ. ಮಾಸ್ತರರೇ ಅದನ್ನು ಬಾಯಿಪಾಠ ಮಾಡಿಸಿದ್ದರು. ಎಷ್ಟು ಕೊಡಬೇಕೆಂಬುದೂ ಗೊತ್ತಿತ್ತು. ಎರಡು ವರ್ಷದ ಹಿಂದಿನ ಮಾಣಿಕಪ್ಪನಾಗಿದ್ದರೆ ಈ ಹೊತ್ತಿಗೆ ಸೂಜಿ ಕುದಿಸಿ, ಚುಚ್ಚಿ, ಪಕ್ಕದಲ್ಲಿ ಕೂತಿರುತ್ತಿದ್ದ. ಈಗ ಸೀಸೆ ಕೈಗೆ ಬಂತು, ಕೈ ಮಾತ್ರ ಮುಂದೆ ಹೋಗಲೊಲ್ಲದು. ಕೊಟ್ಟು ಅವರು ಹೋಗಿಬಿಟ್ಟರೆ ಕೊಂದವನು ಇವನೇ ಎಂದಾಗುತ್ತದೆ. ದೂರು ಹೋಗುತ್ತದೆ, ಸನದು ಹೋಗುತ್ತದೆ, ಹಣಮಮ್ಮ, ಮಕ್ಕಳು, ರೈಲಿನಲ್ಲಿ ಸವೆದ ಎರಡು ವರ್ಷ, ಎಲ್ಲ ಹೋಗುತ್ತದೆ. ಅದೊಂದೇ ಆಗಿದ್ದರೆ ತಳ್ಳಿಹಾಕುತ್ತಿದ್ದನೇನೋ. ಈ ಕೈಯೇ ತುಂಬಿದ ಬಾಟಲಿಯನ್ನು ಆ ಮನೆಗೆ ಒಯ್ದಿತ್ತು. ಇದೇ ಕೈಯನ್ನು ಇನ್ನೊಮ್ಮೆ ಹೇಗೆ ನಂಬುವುದು? ಕಟ್ಟೆಯ ಕಲ್ಲಿಗೆ ಒರಗಿ ನಿಂತು ಅವನು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಸೀಸೆಯನ್ನು ಇದ್ದಲ್ಲೇ ಇಟ್ಟು ಬೀಗ ಹಾಕಿದ.

ಮರಳಿ ಬಂದು ಗಟ್ಟಿ ಚಹಾದ ಕಷಾಯ ಮಾಡಿಸಿದ. ಅದಕ್ಕೆ ಚೀಟಿ ಬೇಡವಲ್ಲ! ಮಹಾದೇವಮ್ಮ ಮಾವನ ಅಂಗೈಯನ್ನು ತಾನೇ ಎತ್ತಿ ಹಿಡಿದು ಲಿಂಗಕ್ಕೆ ಅರ್ಪಿಸಿ ಎರಡು ಚಮಚ ಕುಡಿಸಿದಳು. ಅದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾಡಿ ಇಪ್ಪತ್ತೆಂಟಕ್ಕೆ ಬಂತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದಳು.

“ಮಾಣಿಕಣ್ಣಾ, ಇದಕ್ಕೇನು ಔಷಧ ಇಲ್ಲೇನು? ನಿನ್ನ ದವಾಖಾನೆದಾಗ ಏನೂ ಇಲ್ಲೇನು?”

ಕೊಡಂಗಿಲ್ಲ ಎಂಬ ಮಾತು ವರ್ಷವಿಡೀ ಬಾಯಲ್ಲಿ ಹೊರಳಿತ್ತು, ಪರೀಕ್ಷಕರ ಮುಂದೆಯೂ ಬಂದಿತ್ತು. ಅವಳ ಮುಂದೆ ಬರಲಿಲ್ಲ. ಅದರ ಬದಲು ಬೇರೊಂದು ಮಾತು ಬಂತು.

“ಇಲ್ಲವ್ವ. ಏನೂ ಇಲ್ಲ.”

ಅವಳು ನಂಬಿದಳು. ಯಾಕೆ ನಂಬಬಾರದು? ಮಾಣಿಕಪ್ಪನೇ ಇಲ್ಲವೆಂದ ಮೇಲೆ ಆ ಊರಲ್ಲಿ ಇಲ್ಲವೆಂದೇ ಅರ್ಥ. ಮಾವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತ ಕೂತಳು. ಮಾಣಿಕಪ್ಪ ಮಣಿಕಟ್ಟು ಬಿಡದೆ ಎಣಿಸುತ್ತ ಕೂತ. ಅವನಿಂದ ಆದದ್ದು ಎಣಿಸುವುದೊಂದೇ. ದೀಪ ಹಚ್ಚುವ ಹೊತ್ತಿಗೆ ಒಂದು ಬಡಿತದ ನಂತರ ಇನ್ನೊಂದಕ್ಕಾಗಿ ಕಾದ, ಬಹಳ ಹೊತ್ತು ಕಾದ.

ಶನಿವಾರ ಬೆಳಗಿನ ಬಸ್ಸಿಗೆ ಅಮೃತಪ್ಪ ಸಾಹೇಬರನ್ನು ಕರೆತಂದ. ಸೈಕಲ್ ಬಸ್ಸಿನ ಮೇಲೆ ಕಟ್ಟಿತ್ತು. ಅಷ್ಟರಲ್ಲಿ ಮಾಸ್ತರರಿಗೆ ವಿಭೂತಿ ಹಚ್ಚಿ ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು, ಊರವರು ಸುತ್ತ ಕೂತು ವಚನ ಹಾಡುತ್ತಿದ್ದರು. ಅಮೃತಪ್ಪ ಅಪ್ಪನ ಕಾಲಬಳಿ ಕುಸಿದ. ಸಾಹೇಬರು ಬೂಟು ಬಿಚ್ಚಿ ಒಳಗೆ ಬಂದು ತಲೆಬಾಗಿದರು. ಮದುವೆಮನೆಯ ಅತ್ತರಿನ ವಾಸನೆ ಇನ್ನೂ ಅವರ ಶೇರ್ವಾನಿಯಲ್ಲಿತ್ತು. ಕಂಬದ ಹತ್ತಿರ ಮಹಾದೇವಮ್ಮ ಕೂತಿದ್ದಳು, ಅವಳಿಂದ ಮಾರು ದೂರದಲ್ಲಿ ಮಾಣಿಕಪ್ಪ. ಸಾಹೇಬರು ಅವನ ಬಳಿ ಕೂತು ಎಲ್ಲ ಕೇಳಿಕೊಂಡರು. ನಾಡಿ ಎಷ್ಟಿತ್ತು, ಯಾವಾಗ ಇಳಿಯಿತು, ನೀನು ಬಂದಾಗ ಮಾತಾಡುತ್ತಿದ್ದರೇ ಎಂದೆಲ್ಲ ಕೇಳಿದರು. ಕೇಳಿ ಅವರ ಹುಬ್ಬು ಗಂಟಿಕ್ಕಿತು. ಸಿಟ್ಟಲ್ಲ, ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ.

“ಕಪಾಟದಾಗ ಅಟ್ರೋಪಿನ್ ಇತ್ತಲ್ಲೋ ಮಾಣಿಕ. ಯಾಕ ಕೊಡ್ಲಿಲ್ಲ? ಇಷ್ಟು ವರ್ಷದಾಗ ಎಂದಾರ ನನ್ನ ಚೀಟಿ ಕೇಳಿದಿ ನೀನು?”

ಕಂಬಕ್ಕೆ ಒರಗಿದ್ದ ಮಹಾದೇವಮ್ಮ ತಲೆಯೆತ್ತಿ ಮಾಣಿಕಪ್ಪನ ಕಡೆ ತಿರುಗಿದಳು.

“ಇತ್ತೇನಣ್ಣಾ?” ಎಂದು ಕೇಳಿದಳು.

“ಇತ್ತವ್ವ” ಎಂದ.